ಸೆನ್ಸರ್ ಡೇಟಾ ಎಕ್ಸ್‌ಪೋರ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಸೆನ್ಸರ್ ರೀಡಿಂಗ್ ತೋರಿಸುವ ಡ್ಯಾಶ್‌ಬೋರ್ಡ್‌ನಲ್ಲಿ ಗ್ರಾಫ್ ಚೆನ್ನಾಗಿಯೇ ಓಡುತ್ತಿರುತ್ತದೆ. "ಕಳೆದ ಮೂರು ತಿಂಗಳದ್ದು ಒಂದು ಶೀಟ್‌ನಲ್ಲಿ ಹಾಕಿಕೊಡಿ" ಎಂದು ಯಾರಾದರೂ ಕೇಳಿದಾಗ ತಲೆನೋವು ಶುರು. ಡೌನ್‌ಲೋಡ್ ಬಟನ್ ಒತ್ತುವುದು ಕಷ್ಟವಲ್ಲ. ಆದರೆ ಹೊರಗೆ ಬಂದ ಫೈಲ್‌ಗೆ ತನ್ನ ಹಿಂದುಮುಂದು ಏನೂ ಗೊತ್ತಿರುವುದಿಲ್ಲ. ಸಮಯ ಯಾವ ಲೆಕ್ಕದ್ದು, ಅಳತೆ ಯಾವ ಯೂನಿಟ್‌ನದು, ನಡುವೆ ಡಿವೈಸ್ ಎಷ್ಟು ಹೊತ್ತು ಸತ್ತಿತ್ತು, ಯಾವುದೂ ಇಲ್ಲ. ಕೆಳಗಿನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಡ್ಯಾಶ್‌ಬೋರ್ಡ್‌ನಲ್ಲೇ ಎಲ್ಲಾ ಕಾಣುತ್ತದಲ್ಲ, ಎಕ್ಸ್‌ಪೋರ್ಟ್ ಯಾಕೆ?

ಈಗ ಏನು ನಡೆಯುತ್ತಿದೆ ಎಂದು ನೋಡಲು ಡ್ಯಾಶ್‌ಬೋರ್ಡ್ ಸಾಕು. ಹೋದ ವರ್ಷ ಇದೇ ತಿಂಗಳು ಹೇಗಿತ್ತು, ಎರಡು ಯಂತ್ರಗಳಲ್ಲಿ ಯಾವುದು ಜಾಸ್ತಿ ಕರೆಂಟ್ ತಿನ್ನುತ್ತಿದೆ, ಈ ಏರಿಕೆಗೂ ಆ ಇಳಿಕೆಗೂ ಸಂಬಂಧ ಇದೆಯಾ ಎಂಬ ಪ್ರಶ್ನೆ ಬಂದರೆ ಡೇಟಾ ನಿಮ್ಮ ಕೈಯಲ್ಲೇ ಇರಬೇಕು.

ಇನ್ನೊಂದು ಕಾರಣ ಇದೆ. ಇದನ್ನು ಹೆಚ್ಚಿನವರು ತಡವಾಗಿ ಕಲಿಯುತ್ತಾರೆ. ಈ ವ್ಯವಸ್ಥೆಗಳು ಹಳೆಯದನ್ನು ಸದ್ದಿಲ್ಲದೆ ಅಳಿಸುತ್ತಾ ಹೋಗುತ್ತವೆ. ಮನೆಯ ಸ್ಮಾರ್ಟ್ ಸಾಧನಗಳನ್ನು ನೋಡಿಕೊಳ್ಳುವ ಹೋಮ್ ಅಸಿಸ್ಟೆಂಟ್‌ನ ಸೆಟ್ಟಿಂಗ್ ನೀವು ಮುಟ್ಟದೇ ಇದ್ದರೆ ಪೂರ್ತಿ ರೀಡಿಂಗ್‌ಗಳು ಉಳಿಯುವುದು 10 ದಿನ ಮಾತ್ರ. ಆಮೇಲೆ ಗಂಟೆಗೊಂದರಂತೆ ಲೆಕ್ಕ ಹಾಕಿದ ಸಾರಾಂಶ ಉಳಿಯುತ್ತದೆ, ಅದೂ ಎಲ್ಲಾ ಸೆನ್ಸರ್‌ಗಳದ್ದಲ್ಲ. ನಿಮ್ಮ ವ್ಯವಸ್ಥೆ ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂದು ಇವತ್ತೇ ನೋಡಿ. ವರದಿ ಕೇಳಿದ ದಿನ ನೋಡಿದರೆ ಪ್ರಯೋಜನವಿಲ್ಲ.

ಡೇಟಾ ಹೊರಗೆ ತರಲು ಯಾವ ಯಾವ ದಾರಿ ಇದೆ?

ಮುಖ್ಯವಾಗಿ ನಾಲ್ಕು. ಆಪ್‌ನಲ್ಲೋ ವೆಬ್ ಪುಟದಲ್ಲೋ ಇರುವ ಡೌನ್‌ಲೋಡ್ ಬಟನ್, ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರಿಂದ ಡೇಟಾ ಕೇಳಿ ಪಡೆಯುವ ದಾರಿ), ನೇರವಾಗಿ ಡೇಟಾಬೇಸ್‌ಗೆ ಕ್ವೆರಿ, ಇಲ್ಲವೇ ಡಿವೈಸ್ ಕಳಿಸುವ ಸಂದೇಶಗಳನ್ನು ಬಂದ ಹಾಗೇ ಹಿಡಿದು ನಿಮ್ಮ ಬಳಿಯೂ ಒಂದು ಪ್ರತಿ ಬರೆದುಕೊಳ್ಳುವುದು.

ಬಟನ್ ಬಗ್ಗೆ ಒಂದು ಎಚ್ಚರಿಕೆ. ಅದು ಕೊಡುವುದು ಬಹಳ ಸಲ ಪರದೆಯಲ್ಲಿ ಕಂಡದ್ದನ್ನು ಮಾತ್ರ. ಗ್ರಾಫಾನಾ ಎಂಬ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್‌ನಲ್ಲಿ ಪ್ಯಾನೆಲ್‌ನ (ಅಂದರೆ ಒಂದು ಗ್ರಾಫ್‌ನ) ಇನ್‌ಸ್ಪೆಕ್ಟ್ ಮೆನುವಿನಿಂದ ಸಿಎಸ್‌ವಿ (ಮೌಲ್ಯಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲ್) ಇಳಿಸಿಕೊಳ್ಳಬಹುದು. ಆದರೆ ಪ್ಯಾನೆಲ್ ಒಂದು ವರ್ಷವನ್ನು ತೋರಿಸಲು ಆರು ಗಂಟೆಗೊಂದು ಸರಾಸರಿ ತೆಗೆದಿದ್ದರೆ ನಿಮ್ಮ ಫೈಲ್‌ಗೆ ಬರುವುದೂ ಆ ಸರಾಸರಿಯೇ, ಸೆನ್ಸರ್ ಕಳಿಸಿದ ಅಸಲಿ ರೀಡಿಂಗ್ ಅಲ್ಲ. ಕಚ್ಚಾ ಡೇಟಾ ಬೇಕು ಅಂದರೆ ಎಪಿಐ ಅಥವಾ ಡೇಟಾಬೇಸ್ ದಾರಿಯೇ ಸರಿ.

ಸಿಎಸ್‌ವಿ, ಜೇಸನ್, ಪಾರ್ಕೆ: ಯಾವುದು ಆರಿಸಲಿ?

ಮನುಷ್ಯರಿಗೆ ಕಳಿಸುವುದಾದರೆ ಸಿಎಸ್‌ವಿ. ಎಲ್ಲಿ ಬೇಕಾದರೂ ತೆರೆಯುತ್ತದೆ, ನೋಟ್‌ಪ್ಯಾಡ್‌ನಲ್ಲೂ ಓದಬಹುದು. ಆದರೆ ಅದರಲ್ಲಿ ಸಂಖ್ಯೆ ಯಾವುದು, ಪಠ್ಯ ಯಾವುದು ಎಂಬ ಗುರುತೇ ಇರುವುದಿಲ್ಲ. ತೆರೆಯುವ ಪ್ರೋಗ್ರಾಂ ಊಹಿಸಬೇಕು. ಸಿಎಸ್‌ವಿ ಹೇಗಿರಬೇಕು ಎಂದು 2005ರಲ್ಲಿ ಆರ್‌ಎಫ್‌ಸಿ 4180 ಎಂಬ ದಾಖಲೆ ಬರೆದಿಟ್ಟಿದೆ, ಆದರೂ ಕೆಲವು ಫೈಲ್‌ಗಳಲ್ಲಿ ಅಲ್ಪವಿರಾಮ, ಕೆಲವದರಲ್ಲಿ ಅರ್ಧವಿರಾಮ. ದಶಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಬಳಸುವ ದೇಶಗಳ ಸೆಟ್ಟಿಂಗ್ ಇದ್ದರೆ ಹೀಗಾಗುತ್ತದೆ.

ಒಂದೇ ಸಂದೇಶದಲ್ಲಿ ಒಳಗೊಳಗೆ ಹಲವು ಮಾಹಿತಿ ಇದ್ದರೆ ಜೇಸನ್. ಕೋಟಿಗಟ್ಟಲೆ ಸಾಲುಗಳಿದ್ದು ಪೈಥಾನ್ ಪ್ರೋಗ್ರಾಂನಲ್ಲೋ ಡಕ್‌ಡಿಬಿ ಡೇಟಾಬೇಸ್‌ನಲ್ಲೋ ವಿಶ್ಲೇಷಣೆ ಮಾಡುವುದಾದರೆ ಪಾರ್ಕೆ. ಅದು ಡೇಟಾವನ್ನು ಕಾಲಮ್ ಪ್ರಕಾರ ಜೋಡಿಸಿಡುತ್ತದೆ. ಹಾಗಾಗಿ ನಲವತ್ತು ಕಾಲಮ್‌ನಲ್ಲಿ ಎರಡೇ ಬೇಕಿದ್ದರೆ ಎರಡನ್ನೇ ಓದುತ್ತದೆ, ಫೈಲ್ ಕೂಡ ಸಿಎಸ್‌ವಿಗಿಂತ ತುಂಬಾ ಚಿಕ್ಕದು. ಡಬಲ್ ಕ್ಲಿಕ್ ಮಾಡಿದರೆ ಮಾತ್ರ ತೆರೆಯುವುದಿಲ್ಲ.

ಎಕ್ಸೆಲ್‌ನಲ್ಲಿ ತೆರೆದರೆ ಅರ್ಧ ಡೇಟಾ ಕಾಣೆ. ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ, ಎಕ್ಸೆಲ್‌ಗೆ ಜಾಗ ಸಾಲಲಿಲ್ಲ. ಒಂದು ಶೀಟ್‌ನಲ್ಲಿ 10,48,576 ಸಾಲುಗಳು ಮಾತ್ರ ಹಿಡಿಸುತ್ತವೆ. ಸೆಕೆಂಡಿಗೊಂದು ರೀಡಿಂಗ್ ಕೊಡುವ ಸೆನ್ಸರ್ ದಿನಕ್ಕೆ 86,400 ಸಾಲು ಬರೆಯುತ್ತದೆ. ಅಂದರೆ ಹನ್ನೆರಡು ದಿನ ಕಳೆಯುವಷ್ಟರಲ್ಲಿ ಶೀಟ್ ಭರ್ತಿ. ನಿಮಿಷಕ್ಕೊಂದಾದರೆ ಎರಡು ವರ್ಷದ ಹತ್ತಿರ ಬರುತ್ತದೆ. ಆದರೆ ಹತ್ತು ಸೆನ್ಸರ್‌ಗಳ ಡೇಟಾ ಒಂದರ ಕೆಳಗೊಂದು ಇದ್ದರೆ ಎರಡೂವರೆ ತಿಂಗಳೂ ಬಾಳುವುದಿಲ್ಲ.

ಫೈಲ್ ಪೂರ್ತಿ ತೆರೆದಿಲ್ಲ ಎಂದು ಎಕ್ಸೆಲ್ ಒಂದು ಮಾತು ಹೇಳುತ್ತದೆ, ನಾವು ಓಕೆ ಒತ್ತಿ ಮುಂದೆ ಹೋಗುತ್ತೇವೆ. ಆಮೇಲೆ ಅದನ್ನೇ ಸೇವ್ ಮಾಡಿದರೆ ಉಳಿದ ಸಾಲುಗಳು ನಿಜವಾಗಿಯೂ ಹೋದವು. ಅಸಲಿ ಫೈಲನ್ನು ಬೇರೆ ಫೋಲ್ಡರ್‌ನಲ್ಲಿಟ್ಟು ಅದರ ಪ್ರತಿಯಲ್ಲಿ ಮಾತ್ರ ಕೆಲಸ ಮಾಡಿ.

ಡಿವೈಸ್ ಐಡಿಗಳು ಏನೇನೋ ಆಗಿವೆ, ಕನ್ನಡ ಹೆಸರುಗಳು ಗೊಜ್ಜಾಗಿವೆ. ಯಾಕೆ?

ಇದೂ ಎಕ್ಸೆಲ್‌ನದೇ ಅತಿ ಬುದ್ಧಿವಂತಿಕೆ. 00417 ಎಂಬ ಐಡಿ ಸಂಖ್ಯೆಯಂತೆ ಕಾಣುವುದರಿಂದ ಮುಂದಿನ ಸೊನ್ನೆಗಳನ್ನು ಎಸೆದು 417 ಮಾಡುತ್ತದೆ. ಅಂಕಿಗಳ ನಡುವೆ ಇಂಗ್ಲಿಷಿನ ಇ ಅಕ್ಷರ ಇದ್ದರೆ ಅದನ್ನು ಹತ್ತರ ಘಾತ ಎಂದುಕೊಂಡು ದೊಡ್ಡ ಸಂಖ್ಯೆಯಾಗಿ ಬದಲಿಸುತ್ತದೆ. ಅಂಕಿ ಮತ್ತು ಅಡ್ಡಗೆರೆ ಇದ್ದರೆ ದಿನಾಂಕ ಮಾಡಿಬಿಡುತ್ತದೆ. ನಮಗಷ್ಟೇ ಈ ಕಾಟ ಅಂದುಕೊಳ್ಳಬೇಡಿ. ಎಕ್ಸೆಲ್ ದಿನಾಂಕ ಮಾಡಿಬಿಡುತ್ತದೆ ಎಂಬ ಕಾರಣಕ್ಕೆ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಿತು, 2020ರಲ್ಲಿ ಅದರ ನಿಯಮಗಳಲ್ಲೂ ಈ ವಿಷಯ ಸೇರಿತು.

ಪರಿಹಾರ ಸರಳ. ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ, ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಐಡಿ ಕಾಲಮ್ ಪಠ್ಯ ಎಂದು ಹೇಳಿ. ಅದೇ ಜಾಗದಲ್ಲಿ ಯುಟಿಎಫ್-8 (ಕನ್ನಡದಂಥ ಲಿಪಿಗಳನ್ನೂ ಹಿಡಿಯುವ ಅಕ್ಷರ ಸಂಕೇತ) ಆರಿಸಿದರೆ ಕನ್ನಡವೂ ಸರಿಯಾಗಿ ಬರುತ್ತದೆ.

ಎರಡು ಡಿವೈಸ್‌ಗಳ ಸಮಯ ಹೊಂದುತ್ತಿಲ್ಲ. ಏನು ಮಾಡಲಿ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಒಮ್ಮೆ ನನ್ನ ಶೀಟ್‌ನಲ್ಲಿ ಒಂದು ಪವಾಡ ನಡೆದಿತ್ತು. ತಣ್ಣನೆಯ ಕೋಣೆಯ ಬಾಗಿಲು ತೆಗೆಯುವ ನಾಲ್ಕು ನಿಮಿಷ ಮೊದಲೇ ಒಳಗಿನ ತಾಪಮಾನ ಏರಲು ಶುರುವಾಗಿತ್ತು. ಪ್ರತಿ ದಿನ, ಪ್ರತಿ ಸಲ. ಯಂತ್ರಕ್ಕೆ ಭವಿಷ್ಯ ಗೊತ್ತಾಗುತ್ತಿರಲಿಲ್ಲ, ತಾಪಮಾನದ ಡಿವೈಸ್‌ನ ಗಡಿಯಾರ ನಾಲ್ಕು ನಿಮಿಷ ಹಿಂದೆ ಓಡುತ್ತಿತ್ತು ಅಷ್ಟೇ. ಅಗ್ಗದ ಬೋರ್ಡ್‌ಗಳ ಗಡಿಯಾರ ದಿನಕ್ಕೆ ಕೆಲವು ಸೆಕೆಂಡಾದರೂ ಜಾರುತ್ತದೆ. ಎನ್‌ಟಿಪಿ (ನೆಟ್‌ನಿಂದ ಸರಿ ಸಮಯ ಪಡೆಯುವ ಪದ್ಧತಿ) ಮೂಲಕ ಆಗಾಗ ಸರಿ ಮಾಡದಿದ್ದರೆ ಜಾರಿದ್ದೆಲ್ಲಾ ಗುಡ್ಡೆಯಾಗುತ್ತದೆ.

ಇದರ ಜೊತೆ ಇನ್ನೊಂದು ಗೊಂದಲ. ಫೈಲ್‌ನಲ್ಲಿರುವ ಸಮಯ ಸೆನ್ಸರ್ ಅಳೆದ ಹೊತ್ತೋ ಅಥವಾ ಸರ್ವರ್‌ಗೆ ತಲುಪಿದ ಹೊತ್ತೋ? ನೆಟ್ ಚೆನ್ನಾಗಿದ್ದಾಗ ಎರಡೂ ಒಂದೇ. ಆದರೆ ಡಿವೈಸ್ ಮೂರು ಗಂಟೆ ನೆಟ್ ಇಲ್ಲದೆ ರೀಡಿಂಗ್ ಕೂಡಿಟ್ಟುಕೊಂಡು ಆಮೇಲೆ ಒಟ್ಟಿಗೆ ಕಳಿಸಿದರೆ, ತಲುಪಿದ ಸಮಯದ ಪ್ರಕಾರ ಮೂರು ಗಂಟೆಯ ಕಥೆಯೆಲ್ಲಾ ಒಂದೇ ನಿಮಿಷದಲ್ಲಿ ನಡೆದಂತೆ ಕಾಣುತ್ತದೆ. ಸಾಧ್ಯವಿದ್ದರೆ ಎರಡನ್ನೂ ಎರಡು ಕಾಲಮ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಅವೆರಡರ ವ್ಯತ್ಯಾಸವೇ ಗಡಿಯಾರ ಎಷ್ಟು ಜಾರಿದೆ, ನೆಟ್ ಯಾವಾಗ ಕೈಕೊಟ್ಟಿತು ಎಂದು ಹೇಳಿಬಿಡುತ್ತದೆ.

ಮೂರನೆಯದು ಟೈಮ್ ಝೋನ್. ಉಳಿಸುವುದು, ಎಕ್ಸ್‌ಪೋರ್ಟ್ ಮಾಡುವುದು ಎಲ್ಲಾ ಯುಟಿಸಿಯಲ್ಲೇ (ಜಗತ್ತಿಗೆಲ್ಲಾ ಒಂದೇ ಆದ ಪ್ರಮಾಣಿತ ಸಮಯ) ಇರಲಿ. ನಿಮ್ಮ ಊರಿನ ಸಮಯಕ್ಕೆ ಬದಲಿಸುವುದು ವರದಿಯ ಕೊನೆಯ ಹಂತದಲ್ಲಿ ಮಾತ್ರ. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳಲ್ಲಿ ವರ್ಷಕ್ಕೊಂದು ದಿನ 23 ಗಂಟೆಯದು, ಇನ್ನೊಂದು ದಿನ 25 ಗಂಟೆಯದು. ಆ 25 ಗಂಟೆಯ ದಿನ ಒಂದೇ ಸಮಯ ಎರಡು ಸಲ ಬರುತ್ತದೆ, ಸ್ಥಳೀಯ ಸಮಯ ಮಾತ್ರ ಇದ್ದರೆ ಯಾವುದು ಮೊದಲಿನದು ಎಂದು ಬೇರ್ಪಡಿಸಲು ಆಗುವುದಿಲ್ಲ. ಬರೆಯುವ ರೀತಿ ಐಎಸ್‌ಒ 8601 ಆಗಿರಲಿ: ವರ್ಷ, ತಿಂಗಳು, ದಿನ, ಆಮೇಲೆ ಸಮಯ, ಕೊನೆಗೆ ಝೋನ್. 04/05 ಎಂದು ಬರೆದರೆ ಒಬ್ಬರಿಗೆ ಮೇ 4, ಇನ್ನೊಬ್ಬರಿಗೆ ಏಪ್ರಿಲ್ 5.

ಸಮಯದ ಕಾಲಮ್‌ನಲ್ಲಿ ಬರೀ ಉದ್ದ ಸಂಖ್ಯೆ ಇದೆಯಲ್ಲ?

ಅದು ಯುನಿಕ್ಸ್ ಸಮಯ. 1970ರ ಜನವರಿ 1ರಿಂದ, ಯುಟಿಸಿಯಲ್ಲಿ, ಎಷ್ಟು ಹೊತ್ತಾಯಿತು ಎಂಬ ಲೆಕ್ಕ. ಅಂಕಿ ಎಣಿಸಿ. 10 ಅಂಕಿ ಇದ್ದರೆ ಸೆಕೆಂಡ್, 13 ಇದ್ದರೆ ಮಿಲಿಸೆಕೆಂಡ್, 19 ಇದ್ದರೆ ನ್ಯಾನೋಸೆಕೆಂಡ್ (ಇನ್‌ಫ್ಲಕ್ಸ್‌ಡಿಬಿ ಎಂಬ ಡೇಟಾಬೇಸ್ ಹೀಗೂ ಕೊಡುತ್ತದೆ). ಎಕ್ಸೆಲ್‌ನಲ್ಲಿ ಸೆಕೆಂಡನ್ನು 86400ರಿಂದ ಭಾಗಿಸಿ 25569 ಕೂಡಿಸಿ, ಸೆಲ್‌ಗೆ ದಿನಾಂಕದ ಫಾರ್ಮ್ಯಾಟ್ ಕೊಟ್ಟರೆ ಮುಗಿಯಿತು. ಸೆಕೆಂಡನ್ನು ಮಿಲಿಸೆಕೆಂಡ್ ಎಂದುಕೊಂಡರೆ ಎಲ್ಲಾ ರೀಡಿಂಗ್ 1970ರ ಜನವರಿಗೆ ಹೋಗಿ ಕೂರುತ್ತವೆ. ಲೆಕ್ಕ ಸರಿ ಇದ್ದೂ ಕೆಲವು ಸಾಲು ಮಾತ್ರ 1970 ಎಂದು ತೋರಿಸಿದರೆ, ಆ ಡಿವೈಸ್ ಆನ್ ಆಗಿ ಸಮಯ ತಿಳಿದುಕೊಳ್ಳುವ ಮೊದಲೇ ರೀಡಿಂಗ್ ಕಳಿಸಿದೆ ಎಂದರ್ಥ.

ಒಂದೊಂದು ಸೆನ್ಸರ್‌ಗೂ ಒಂದೊಂದು ಕಾಲಮ್ ಇರಲಾ, ಎಲ್ಲಾ ಒಂದರ ಕೆಳಗೊಂದು ಇರಲಾ?

ಉಳಿಸಿಡಲು ಒಂದರ ಕೆಳಗೊಂದು: ಸಮಯ, ಡಿವೈಸ್, ಏನು ಅಳೆದದ್ದು, ಮೌಲ್ಯ, ಯೂನಿಟ್. ನಾಳೆ ಹೊಸ ಸೆನ್ಸರ್ ಸೇರಿದರೂ ಫೈಲ್‌ನ ಆಕಾರ ಬದಲಾಗುವುದಿಲ್ಲ. ಓದಲು, ಹೋಲಿಸಲು ಕಾಲಮ್ ಕಾಲಮ್ ಆಗಿರುವುದೇ ಚೆಂದ, ಅದನ್ನು ಎಕ್ಸೆಲ್‌ನ ಪಿವಟ್ ಟೇಬಲ್ ಮಾಡಿಕೊಡುತ್ತದೆ.

ಒಂದೇ ರೀಡಿಂಗ್ ಎರಡೆರಡು ಸಲ ಬಂದಿದೆ. ಸೆನ್ಸರ್ ಕೆಟ್ಟಿದೆಯಾ?

ಇಲ್ಲ. ಬಹಳ ಡಿವೈಸ್‌ಗಳು ಮಾತಾಡುವುದು ಎಂಕ್ಯೂಟಿಟಿ ಎಂಬ ಸಂದೇಶ ಕಳಿಸುವ ಪದ್ಧತಿಯಲ್ಲಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ಮಾಡಿದ್ದು ತೈಲದ ಪೈಪ್‌ಲೈನ್‌ಗಳಿಗೆ, ಉಪಗ್ರಹದ ದುಬಾರಿ ಸಂಪರ್ಕದಲ್ಲಿ ಆದಷ್ಟು ಕಡಿಮೆ ಡೇಟಾ ಕಳಿಸಲಿ ಎಂದು. ಅದರಲ್ಲಿ ಮೂರು ಮಟ್ಟದ ಭರವಸೆ ಇದೆ. 0 ಅಂದರೆ ಕಳಿಸಿದೆ, ಸಿಕ್ಕಿದರೆ ಸಿಕ್ಕಿತು. 1 ಅಂದರೆ ಒಮ್ಮೆಯಾದರೂ ತಲುಪಿಸುತ್ತೇನೆ. 2 ಅಂದರೆ ಸರಿಯಾಗಿ ಒಂದೇ ಸಲ. ಮಟ್ಟ 1ರಲ್ಲಿ, ತಲುಪಿತು ಎಂಬ ಉತ್ತರ ದಾರಿಯಲ್ಲಿ ಕಳೆದುಹೋದರೆ ಅದೇ ಸಂದೇಶ ಮತ್ತೆ ಬರುತ್ತದೆ. ಡಿವೈಸ್ ಐಡಿ, ಅಳೆದ ಸಮಯ, ಸೆನ್ಸರ್ ಹೆಸರು ಮೂರೂ ಒಂದೇ ಆಗಿರುವ ಸಾಲುಗಳಲ್ಲಿ ಒಂದನ್ನು ಉಳಿಸಿ ಉಳಿದದ್ದನ್ನು ತೆಗೆಯಿರಿ. ಬರೀ ಮೌಲ್ಯ ಒಂದೇ ಇದೆ ಎಂದು ತೆಗೆಯಬೇಡಿ, ತಾಪಮಾನ ಹತ್ತು ನಿಮಿಷ ಅಲುಗಾಡದೆ ಇರಬಹುದು ಅಲ್ವಾ.

ನಡುವೆ ಡೇಟಾ ಇಲ್ಲದ ಜಾಗಕ್ಕೆ ಸೊನ್ನೆ ಹಾಕಲಾ?

ದಯವಿಟ್ಟು ಬೇಡ. "ಅಳೆದೆ, ಸೊನ್ನೆ ಬಂತು" ಎನ್ನುವುದೂ "ಅಳೆಯಲೇ ಇಲ್ಲ" ಎನ್ನುವುದೂ ಬೇರೆ ಬೇರೆ ಮಾತು. ಖಾಲಿ ಇದ್ದದ್ದು ಖಾಲಿಯೇ ಇರಲಿ.

ಆದರೆ ಇನ್ನೊಂದು ಜಾತಿಯ ಸೆನ್ಸರ್‌ಗಳಿವೆ. ಬಾಗಿಲು ತೆರೆದಿದೆ, ಮುಚ್ಚಿದೆ ಎಂಬಂಥದ್ದು. ಇವು ಸ್ಥಿತಿ ಬದಲಾದಾಗ ಮಾತ್ರ ಸಂದೇಶ ಕಳಿಸುತ್ತವೆ. ಇಲ್ಲಿ ಖಾಲಿ ಜಾಗದ ಅರ್ಥ "ಮೊದಲಿನಂತೆಯೇ ಇದೆ" ಎಂದು, ಹಿಂದಿನ ಮೌಲ್ಯವನ್ನೇ ಮುಂದಕ್ಕೆ ಎಳೆಯಬಹುದು. ಹಾಗೆ ಎಳೆಯುವ ಮೊದಲು ಡಿವೈಸ್ ಬದುಕಿತ್ತಾ ಎಂದು ನೋಡಿ. ಬ್ಯಾಟರಿ ಸತ್ತ ಸೆನ್ಸರ್ ಪ್ರಕಾರ ಬಾಗಿಲು ಮೂರು ವಾರದಿಂದ ಮುಚ್ಚೇ ಇರುತ್ತದೆ.

85 ಡಿಗ್ರಿ, ಮೈನಸ್ 127 ಡಿಗ್ರಿ ಎಂದೆಲ್ಲಾ ಬಂದಿದೆ. ಇದು ನಿಜವಾ?

ಹಳೆಯ ಪರಿಚಯಸ್ಥರು! ಡಿಎಸ್18ಬಿ20 ಎಂಬ ತಾಪಮಾನದ ಸೆನ್ಸರ್ ಆನ್ ಆದ ತಕ್ಷಣ, ಅಳೆಯುವ ಮೊದಲು, ಅದರ ಮೆಮೊರಿಯಲ್ಲಿ 85 ಡಿಗ್ರಿ ಸೆಲ್ಸಿಯಸ್ ಎಂದೇ ಇರುತ್ತದೆ. ಆತುರದಲ್ಲಿ ಓದಿದರೆ ಅದೇ ಸಿಗುತ್ತದೆ. ಮೈನಸ್ 127 ಅಂದರೆ ಸೆನ್ಸರ್ ತಂತಿ ಬಿಟ್ಟಿದೆ ಎಂದು ಅದರ ಪ್ರಚಲಿತ ಆರ್ಡುಯಿನೋ ಲೈಬ್ರರಿ (ಆರ್ಡುಯಿನೋ ಬೋರ್ಡ್‌ಗಳಿಗೆ ಇರುವ ಸಿದ್ಧ ಕೋಡ್) ಹೇಳುವ ರೀತಿ. ತಿಂಗಳಲ್ಲಿ ನಾಲ್ಕೇ ನಾಲ್ಕು ಸಲ ಹೀಗೆ ಬಂದರೂ ಗರಿಷ್ಠ, ಕನಿಷ್ಠ ಎರಡೂ ಸುಳ್ಳಾಗುತ್ತವೆ. ನಾನೇ ಒಂದು ವರದಿಯಲ್ಲಿ ಗರಿಷ್ಠ 85 ಎಂದು ಕೊಟ್ಟು ಬೈಸಿಕೊಂಡಿದ್ದೇನೆ.

ಬೇರೆ ಸೆನ್ಸರ್‌ಗಳಿಗೂ ಇಂಥ ಗುರುತಿನ ಸಂಖ್ಯೆಗಳಿರುತ್ತವೆ, ಕೈಪಿಡಿಯಲ್ಲಿ ಹುಡುಕಿ. ಸಿಕ್ಕಿದ ಸಾಲುಗಳನ್ನು ಅಳಿಸುವ ಬದಲು ಪಕ್ಕದಲ್ಲಿ "ದೋಷ" ಎಂಬ ಕಾಲಮ್ ಇಟ್ಟು ಗುರುತು ಹಾಕಿ. ಅವು ಎಷ್ಟು ಸಲ ಬಂದವು ಎಂಬುದೂ ಒಂದು ಸುದ್ದಿಯೇ.

ಸೈಜ್ ಕಡಿಮೆ ಮಾಡಲು ಗಂಟೆಯ ಸರಾಸರಿ ತೆಗೆದರೆ ಸಾಕಲ್ಲವೇ?

ತೆಗೆಯಿರಿ, ಆದರೆ ಸರಾಸರಿ ಒಂದನ್ನೇ ಇಡಬೇಡಿ. ಔಷಧಿ ಇಟ್ಟ ಫ್ರಿಜ್ ಗಂಟೆಯಲ್ಲಿ 55 ನಿಮಿಷ 4 ಡಿಗ್ರಿ, 5 ನಿಮಿಷ 16 ಡಿಗ್ರಿ ಇತ್ತು ಎಂದುಕೊಳ್ಳಿ. ಸರಾಸರಿ 5 ಡಿಗ್ರಿ. ಕಾಗದದಲ್ಲಿ ಎಲ್ಲಾ ಸರಿ! ಗಂಟೆಗೆ ಕನಿಷ್ಠ, ಗರಿಷ್ಠ, ಸರಾಸರಿ, ಎಷ್ಟು ರೀಡಿಂಗ್ ಎಂಬ ನಾಲ್ಕೂ ಇರಲಿ. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. 60 ರೀಡಿಂಗ್‌ನ ಸರಾಸರಿಗೂ 2 ರೀಡಿಂಗ್‌ನ ಸರಾಸರಿಗೂ ಒಂದೇ ಬೆಲೆ ಕೊಡಲಾಗದು.

ಸರಾಸರಿಯೇ ತಪ್ಪಾಗುವ ಅಳತೆಗಳೂ ಇವೆ. ವಿದ್ಯುತ್ ಮೀಟರ್ ತೋರಿಸುವುದು ಏರುತ್ತಲೇ ಹೋಗುವ ಲೆಕ್ಕ, ಅಲ್ಲಿ ಬೇಕಾದದ್ದು ಕೊನೆಯದರಿಂದ ಮೊದಲಿನದನ್ನು ಕಳೆದ ವ್ಯತ್ಯಾಸ. ನಡುವೆ ಮೀಟರ್ ಬದಲಾಗಿ ಲೆಕ್ಕ ಸೊನ್ನೆಯಿಂದ ಶುರುವಾಗಿದ್ದರೆ ವ್ಯತ್ಯಾಸ ಮೈನಸ್ ಬರುತ್ತದೆ, ಅಲ್ಲಿ ಎರಡು ತುಂಡು ಮಾಡಿ ಕೂಡಿಸಬೇಕು. ಮಳೆಮಾಪಕದ್ದು ಮೊತ್ತ. ಗಾಳಿಯ ದಿಕ್ಕು ಇನ್ನೂ ಮಜಾ. 350 ಡಿಗ್ರಿ ಮತ್ತು 10 ಡಿಗ್ರಿ ಎರಡೂ ಹೆಚ್ಚುಕಡಿಮೆ ಉತ್ತರ ದಿಕ್ಕೇ, ಆದರೆ ಸುಮ್ನೆ ಕೂಡಿಸಿ ಭಾಗಿಸಿದರೆ 180, ಅಂದರೆ ನೇರ ದಕ್ಷಿಣ. ದಿಕ್ಕುಗಳಿಗೆ ಸೈನ್, ಕೊಸೈನ್ ತೆಗೆದು ಸರಾಸರಿ ಮಾಡಬೇಕು.

ಯೂನಿಟ್ ಎಲ್ಲರಿಗೂ ಗೊತ್ತಿರುತ್ತದೆ, ಬರೆಯಲೇಬೇಕಾ?

ಬರೆಯಲೇಬೇಕು. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಕಳೆದುಹೋಗಿದ್ದು ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಸಂಖ್ಯೆ ಕೊಟ್ಟು ಇನ್ನೊಂದು ಅದನ್ನು ನ್ಯೂಟನ್ ಎಂದು ಓದಿದ್ದರಿಂದ. ಅಲ್ಲೂ ಎಲ್ಲರಿಗೂ ಗೊತ್ತೇ ಇತ್ತು.

ತಾಪಮಾನ 23.4375 ಎಂದು ಬಂದಿದೆ. ಅಷ್ಟು ನಿಖರವಾ?

ಅಲ್ಲ. ಆ ಡಿಎಸ್18ಬಿ20 ಸೆನ್ಸರ್‌ನ ಹೆಜ್ಜೆ 0.0625 ಡಿಗ್ರಿಯದು, ಅದಕ್ಕೇ ಇಷ್ಟು ದಶಾಂಶ. ಆದರೆ ಅದು ನಿಜ ತಾಪಮಾನಕ್ಕಿಂತ ಅರ್ಧ ಡಿಗ್ರಿ ಆಚೀಚೆ ಇರಬಹುದು ಎಂದು ತಯಾರಕರೇ ಹೇಳುತ್ತಾರೆ. ಫೈಲ್‌ನಲ್ಲಿ ಬಂದ ಹಾಗೇ ಉಳಿಸಿ, ವರದಿಯಲ್ಲಿ 23.4 ಎಂದು ಬರೆದರೆ ಧಾರಾಳವಾಯಿತು.

ಎಪಿಐ ಸ್ವಲ್ಪ ಡೇಟಾ ಕೊಟ್ಟು ನಿಲ್ಲಿಸುತ್ತದೆ. ಯಾಕೆ?

ಒಂದು ಸಲಕ್ಕೆ ಇಷ್ಟೇ ಎಂಬ ಮಿತಿ ಇರುತ್ತದೆ. ಥಿಂಗ್‌ಸ್ಪೀಕ್ ಎಂಬ ಸೆನ್ಸರ್ ಡೇಟಾ ಸೇವೆಯಲ್ಲಿ ಒಂದು ಕೋರಿಕೆಗೆ 8,000 ರೀಡಿಂಗ್. ದಿನಾಂಕ ತುಂಡು ಮಾಡಿ ಕೇಳುತ್ತಾ ಹೋಗಿ. ತುಂಡುಗಳ ಅಂಚಿನಲ್ಲಿ ಜೋಪಾನ: ಶುರುವಿನ ಸಮಯ ಸೇರಲಿ, ಕೊನೆಯದು ಸೇರದಿರಲಿ. ಇಲ್ಲದಿದ್ದರೆ ಪ್ರತಿ ಮಧ್ಯರಾತ್ರಿಯ ರೀಡಿಂಗ್ ಎರಡು ಸಲ ಬರುತ್ತದೆ. 429 ಎಂಬ ಉತ್ತರ ಬಂದರೆ ಜಾಸ್ತಿ ಕೇಳಿದಿರಿ, ಸ್ವಲ್ಪ ತಡೆಯಿರಿ ಎಂದರ್ಥ. ಎಷ್ಟು ತಡೆಯಬೇಕು ಎಂದು ಉತ್ತರದ ಹೆಡರ್‌ನಲ್ಲೇ ಕೆಲವೊಮ್ಮೆ ಇರುತ್ತದೆ.

ದಿನಾ ತಾನಾಗಿಯೇ ಎಕ್ಸ್‌ಪೋರ್ಟ್ ಆಗುವಂತೆ ಇಡುವುದಾದರೆ ನಿನ್ನೆಯದೊಂದನ್ನೇ ಅಲ್ಲ, ಹಿಂದಿನ ಎರಡು ಮೂರು ದಿನದ್ದನ್ನೂ ಮತ್ತೆ ತೆಗೆದು ಮೊದಲಿನದರ ಮೇಲೆ ಬರೆಯಿರಿ. ನೆಟ್ ಇಲ್ಲದೆ ತಡವಾಗಿ ಬಂದ ರೀಡಿಂಗ್‌ಗಳು ಹಾಗಾದರೆ ಮಾತ್ರ ಸೇರುತ್ತವೆ.

ನನ್ನ ಡಿವೈಸ್‌ನ ಡೇಟಾ ಕಂಪನಿ ಕೊಡುತ್ತಿಲ್ಲ. ಕೇಳುವ ಹಕ್ಕಿದೆಯಾ?

ನೀವಿರುವ ದೇಶದ ಮೇಲೆ ಹೋಗುತ್ತದೆ. ಯುರೋಪಿಯನ್ ಒಕ್ಕೂಟದ ಡೇಟಾ ಆಕ್ಟ್ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗುತ್ತಿದೆ. ಕನೆಕ್ಟೆಡ್ ಸಾಧನ ಬಳಸುವವರು ಅದು ಹುಟ್ಟಿಸುವ ಡೇಟಾವನ್ನು ಕೇಳಿ ಪಡೆಯಬಹುದು, ಬೇರೆಯವರಿಗೆ ಕೊಡಿಸಲೂಬಹುದು ಎಂದು ಅದು ಹೇಳುತ್ತದೆ. ಅಂಥ ಕಾನೂನು ಇರಲಿ ಬಿಡಲಿ, ಡಿವೈಸ್ ಕೊಳ್ಳುವ ಮೊದಲೇ ಕಚ್ಚಾ ಡೇಟಾ ಹೊರಗೆ ತರಲು ಆಗುತ್ತದಾ ಎಂದು ಕೇಳುವುದು ಒಳ್ಳೆಯದು. ಕೊಂಡ ಮೇಲೆ ಕೇಳಿ ನಾನು ಉತ್ತರಕ್ಕೆ ಕಾದದ್ದೇ ಬಂತು.

ಹೆಸರು ತೆಗೆದರೆ ಫೈಲ್ ಯಾರಿಗೆ ಬೇಕಾದರೂ ಕೊಡಬಹುದಾ?

ಕೊಡುವ ಮೊದಲು ಯೋಚಿಸಿ. ನಿಮಿಷ ನಿಮಿಷದ ವಿದ್ಯುತ್ ಬಳಕೆ ನೋಡಿದರೆ ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ವಾರ ಊರಲ್ಲಿರಲಿಲ್ಲ ಎಂದು ಗೊತ್ತಾಗುತ್ತದೆ. ಓಟದ ದಾರಿ ದಾಖಲಿಸುವ ಆಪ್ ಸ್ಟ್ರಾವಾ 2017ರಲ್ಲಿ ಓಟಗಾರರ ಹೆಸರಿಲ್ಲದೆ ಬರೀ ದಾರಿಗಳ ನಕ್ಷೆ ಹಾಕಿತ್ತು. 2018ರ ಜನವರಿಯಲ್ಲಿ ಜನ ಅದರಲ್ಲಿ ಸೇನಾ ನೆಲೆಗಳ ಆಕಾರ ಗುರುತಿಸಿದರು. ಕೇಳಿದವರಿಗೆ ದಿನದ ಮೊತ್ತ ಸಾಕಾಗುವುದಾದರೆ ದಿನದ ಮೊತ್ತವನ್ನೇ ಕೊಡಿ.

ಇಷ್ಟೆಲ್ಲಾ ಆದ ಮೇಲೆ ಫೈಲ್ ಸರಿ ಇದೆ ಎಂದು ಹೇಗೆ ತಿಳಿಯುವುದು?

ಗ್ರಾಫ್ ಬರೆಯುವ ಮೊದಲು ಸಾಲು ಎಣಿಸಿ. ನಿಮಿಷಕ್ಕೊಂದು ರೀಡಿಂಗ್ ಕೊಡುವ ಒಂದು ಸೆನ್ಸರ್ 30 ದಿನಕ್ಕೆ 43,200 ಸಾಲು ಕೊಡಬೇಕು. 41 ಸಾವಿರ ಚಿಲ್ಲರೆ ಬಂದರೆ ನಡುವೆ ನೆಟ್ಟೋ ಕರೆಂಟೋ ಹೋಗಿದೆ, ಎಲ್ಲಿ ಎಂದು ಹುಡುಕಿ. 86,400 ಬಂದರೆ ಎಲ್ಲಾ ಎರಡೆರಡು ಸಲ ಬಂದಿದೆ. 720 ಬಂದರೆ ನಿಮಗೆ ಸಿಕ್ಕಿದ್ದು ಕಚ್ಚಾ ಡೇಟಾ ಅಲ್ಲ, ಗಂಟೆಯ ಸರಾಸರಿ. ಸರಿಯಾಗಿ 1,000 ಅಥವಾ 8,000 ಎಂಬ ದುಂಡು ಸಂಖ್ಯೆ ಬಂದರೆ ಎಪಿಐ ಮಿತಿಗೆ ಬಡಿದು ನಿಂತಿದೆ, ಉಳಿದದ್ದು ಇನ್ನೂ ಅಲ್ಲೇ ಇದೆ.